ಮರೆವನ್ನು ಮನ್ನಿಸುವ ಮಾತ್ರೆ

ಸ್ವೀಡನ್ನಿನ ಜನ ವರ್ಷವಿಡೀ ಕಾದು ಬರಮಾಡಿಕೊಳ್ಳುವ ನಡುಬೇಸಿಗೆಯಲ್ಲಿ, ಜೂನ್ 21ರ ಆಸುಪಾಸಿನಲ್ಲಿ, ಸ್ಟಾಕ್‌ಹೋಮಿನ ಮಧ್ಯಾಹ್ನದ ಸೂರ್ಯ ದಿಗಂತದಿಂದ ಸುಮಾರು 54 ಡಿಗ್ರಿ ಎತ್ತರಕ್ಕೆ ಏರುತ್ತಾನೆ. ಬೆಂಗಳೂರಿನ ನಡುಹಗಲಿನಲ್ಲಿ ಸೂರ್ಯ ಅಷ್ಟು ಕೆಳಗಿರುವುದು ಧನುರ್ಮಾಸದಲ್ಲಿ, ಡಿಸೆಂಬರ್ ಕೊನೆಗೆ. ಅಂದರೆ ಸ್ವೀಡನ್ನಿನ ರಾಜಧಾನಿಯ ಅತ್ಯುತ್ತಮ ಬಿಸಿಲು ನಮ್ಮೂರಿನ ಅತ್ಯಂತ ಎಳೆಯ ಬಿಸಿಲಿಗೆ ಸಮ. ಅಲ್ಲಿನ ಡಿಸೆಂಬರಿನಲ್ಲಿ ಅದೇ ಸೂರ್ಯ ಮಧ್ಯಾಹ್ನವೂ 7 ಡಿಗ್ರಿಯ ಮೇಲೆ ಹೆಚ್ಚು ಏರುವುದಿಲ್ಲ. ಇನ್ನೂ ಉತ್ತರದ ಕಿರುನಾದಲ್ಲಿ ಕೆಲವು ವಾರ ಹುಟ್ಟುವುದೇ ಇಲ್ಲ. ನಮ್ಮ ಚರ್ಮ ವಿಟಮಿನ್ ಡಿ ತಯಾರಿಸಲು ಬೇಕಾದ ಯುವಿ-ಬಿ ಕಿರಣಗಳು ಹೀಗೆ ಓರೆಯಾಗಿ ಬೀಳುವಾಗ ವಾತಾವರಣದ ದಪ್ಪ ಪದರವನ್ನು ದಾಟುವಷ್ಟರಲ್ಲಿ ಬಹುಪಾಲು ಸೋಸಿಹೋಗುತ್ತವೆ. ನಮ್ಮ ನೆರಳು ನಮಗಿಂತ ಉದ್ದವಾಗಿದ್ದರೆ ಆ ಬಿಸಿಲಿನಲ್ಲಿ ವಿಟಮಿನ್ ಡಿ ತೀರಾ ಕಡಿಮೆ ಎಂಬುದು ಈ ವಿಷಯದ ತಜ್ಞರು ಹೇಳುವ ಸರಳ ಲೆಕ್ಕ. ಆ ಲೆಕ್ಕದಂತೆ ಸ್ಟಾಕ್‌ಹೋಮಿನಲ್ಲಿ ಅಕ್ಟೋಬರಿನಿಂದ ಮಾರ್ಚಿವರೆಗೆ ಎಷ್ಟು ಹೊತ್ತು ಹೊರಗೆ ನಿಂತರೂ ಚರ್ಮಕ್ಕೆ ಗಿಟ್ಟುವುದು ಏನೂ ಇಲ್ಲವೆನ್ನುವಷ್ಟು ಅಲ್ಪ.

ಕಿಸ್ತಾ, ಲುಂಡ್, ಯೊಟೆಬೊರಿ ಮುಂತಾದ ಕಡೆ ಕೆಲಸಕ್ಕೆಂದು ಹೋಗಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ಕೊರತೆ ಇನ್ನೂ ಒಂದು ಕೈ ಹೆಚ್ಚು. ಚರ್ಮದ ಕಪ್ಪು ವರ್ಣದ್ರವ್ಯ ಯುವಿ-ಬಿಯನ್ನು ತಡೆಯುವುದರಿಂದ ಅಷ್ಟೇ ಬಿಸಿಲಿನಲ್ಲಿ ನಮ್ಮ ಚರ್ಮ ತಯಾರಿಸುವ ವಿಟಮಿನ್ ಡಿ ಬಿಳಿ ಚರ್ಮದವರದಕ್ಕಿಂತ ಕಡಿಮೆ. ಆಹಾರದಿಂದ ತುಂಬಿಕೊಳ್ಳೋಣವೆಂದರೆ ಅದು ಹೇರಳವಾಗಿರುವುದು ಸಾಲ್ಮನ್, ಹೆರಿಂಗ್‌ನಂಥ ಕೊಬ್ಬಿನ ಮೀನುಗಳಲ್ಲಿ. ಸಸ್ಯಾಹಾರಿ ಮನೆಗೆ ಆ ಬಾಗಿಲು ಮುಚ್ಚಿದೆ. ಸ್ವೀಡನ್ ಸರ್ಕಾರ 2018ರಲ್ಲಿ ನಿಯಮ ವಿಸ್ತರಿಸಿ, ಶೇ. 3ರವರೆಗಿನ ಕೊಬ್ಬಿರುವ ಹಾಲು, ಮೊಸರಿನಂಥ ಹುಳಿಹಾಲುಗಳು, ಮಾರ್ಗರಿನ್ ಮತ್ತು ಸಸ್ಯಜನ್ಯ ಹಾಲುಗಳಿಗೆ ವಿಟಮಿನ್ ಡಿ ಸೇರಿಸುವುದನ್ನು ಕಡ್ಡಾಯ ಮಾಡಿದೆ. 100 ಗ್ರಾಂ ಹಾಲಿಗೆ ಸುಮಾರು 1 ಮೈಕ್ರೋಗ್ರಾಂ. ಆದರೆ ಗಟ್ಟಿ ಮೊಸರಿನ ಆಸೆಗೆ ಕೊಳ್ಳುವ ಶೇ. 10 ಕೊಬ್ಬಿನ ಟರ್ಕಿಶ್ ಯೋಗರ್ಟ್, ಕೆನೆಗಟ್ಟಲೆಂದು ತರುವ ಹಳೆಯ ಪದ್ಧತಿಯ ಗಟ್ಟಿ ಹಾಲು ಈ ಕಡ್ಡಾಯದ ಹೊರಗಿವೆ. ನಮ್ಮ ಅಡುಗೆಮನೆ ಇಷ್ಟಪಡುವ ಹಾಲು ಮೊಸರೇ ಸರ್ಕಾರದ ಏರ್ಪಾಡಿನಿಂದ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಅಲ್ಲಿ ಬದುಕುವ ನಮ್ಮವರಲ್ಲಿ ಅನೇಕರಿಗೆ, ಮುಖ್ಯವಾಗಿ ಚಳಿಗಾಲದ ಆರು ತಿಂಗಳು, ವಿಟಮಿನ್ ಡಿ ಮಾತ್ರೆ ಬೇಕು. ಅದರಲ್ಲಿ ಅನುಮಾನವಿಲ್ಲ. ಎಷ್ಟು, ಹೇಗೆ ಎಂಬುದೇ ನಿಜವಾದ ಪ್ರಶ್ನೆ.

ಸ್ವೀಡನ್ನಿನ ಆಹಾರ ಇಲಾಖೆ ಲಿವ್ಸ್‌ಮೆಡೆಲ್ಸ್‌ವೆರ್ಕೆಟ್ ಈ ಪ್ರಶ್ನೆಗೆ ಕೊಡುವ ಉತ್ತರ ಚಿಕ್ಕದು. ವಯಸ್ಕರಿಗೆ ದಿನಕ್ಕೆ ಒಟ್ಟು 10 ಮೈಕ್ರೋಗ್ರಾಂ, 75 ದಾಟಿದವರಿಗೆ 20. ಒಂದು ಮೈಕ್ರೋಗ್ರಾಂ ಎಂದರೆ 40 ಐಯು (ಅಂತರರಾಷ್ಟ್ರೀಯ ಘಟಕ). ಅಲ್ಲಿಗೆ 400 ಮತ್ತು 800 ಐಯು. ಊರಿನಿಂದ ಬರುವ ಉತ್ತರ ಬೇರೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ರಜೆಗೆ ಹೋದಾಗ ರಕ್ತಪರೀಕ್ಷೆ ಮಾಡಿಸಿದರೆ ವೈದ್ಯರು ಸಾಮಾನ್ಯವಾಗಿ ಬರೆಯುವುದು ವಾರಕ್ಕೊಮ್ಮೆ 60 ಸಾವಿರ ಐಯು: ಹಾಲಿನಲ್ಲಿ ಕಲಸಿಕೊಳ್ಳುವ ಪುಡಿಯ ಸ್ಯಾಚೆಟ್, ಕ್ಯಾಪ್ಸೂಲ್, ಇಲ್ಲವೇ ಒಂದೇ ಗುಟುಕಿಗೆ ಕುಡಿಯುವ ಪುಟ್ಟ ಶೀಷೆ. ಎಂಟು ವಾರ, ಆಮೇಲೆ ತಿಂಗಳಿಗೊಮ್ಮೆ. ನಿಜವಾದ ಕೊರತೆಯಿದ್ದು, ವೈದ್ಯರು ಗಮನಿಸುತ್ತಿದ್ದು, ಮುಗಿಸುವ ದಿನ ಗೊತ್ತಿದ್ದರೆ ಇದು ಒಪ್ಪಿತ ಚಿಕಿತ್ಸೆಯೇ. ಆದರೆ ಸೂಟ್‌ಕೇಸಿನಲ್ಲಿ ಹತ್ತಾರು ಸ್ಯಾಚೆಟ್ ತುಂಬಿಕೊಂಡು ಸ್ವೀಡನ್ನಿಗೆ ಮರಳಿದ ಮೇಲೆ ಚಿಕಿತ್ಸೆ ಅಭ್ಯಾಸವಾಗಿ, ಮುಗಿಸುವ ದಿನವೇ ಇಲ್ಲವಾದಾಗ ಲೆಕ್ಕ ಕೆಡುತ್ತದೆ. 60 ಸಾವಿರವನ್ನು ಏಳರಿಂದ ಭಾಗಿಸಿದರೆ ದಿನಕ್ಕೆ ಎಂಟೂವರೆ ಸಾವಿರ ಐಯು ಮೀರುತ್ತದೆ. ವಯಸ್ಕರು ದೀರ್ಘಕಾಲ ಸೇವಿಸಬಹುದಾದ ಗರಿಷ್ಠ ಮಿತಿಯೆಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2012ರಲ್ಲಿ ಗೊತ್ತುಪಡಿಸಿದ್ದು ದಿನಕ್ಕೆ 4 ಸಾವಿರ ಐಯು, ಅಂದರೆ 100 ಮೈಕ್ರೋಗ್ರಾಂ. ವಾರದ ಸ್ಯಾಚೆಟ್ಟನ್ನು ಮರೆವಿನಿಂದಲೋ ತಪ್ಪು ತಿಳಿವಳಿಕೆಯಿಂದಲೋ ದಿನಾ ತೆಗೆದುಕೊಂಡರೆ ಆ ಮಿತಿಯ ಹದಿನೈದು ಪಟ್ಟು.

ನೀರಿನಲ್ಲಿ ಕರಗುವ ವಿಟಮಿನ್ ಸಿ ಹೆಚ್ಚಾದರೆ ಬಹುಮಟ್ಟಿಗೆ ಮೂತ್ರದಲ್ಲಿ ಹೋಗುತ್ತದೆ. ವಿಟಮಿನ್ ಡಿ ಹಾಗಲ್ಲ. ಅದು ಕೊಬ್ಬಿನಲ್ಲಿ ಕರಗಿ ದೇಹದಲ್ಲಿ ಉಳಿಯುತ್ತದೆ. ರಕ್ತದಲ್ಲಿ ಅದರ ಮಟ್ಟ ಅರ್ಧಕ್ಕಿಳಿಯಲು ಎರಡು ಮೂರು ವಾರ ಬೇಕು. ಮಿತಿ ಮೀರಿದಾಗ ಕರುಳಿನಿಂದ ಮತ್ತು ಮೂಳೆಯಿಂದ ಕ್ಯಾಲ್ಸಿಯಂ ರಕ್ತಕ್ಕೆ ನುಗ್ಗುತ್ತದೆ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ವಾಕರಿಕೆ, ಮಲಬದ್ಧತೆ, ಮಂಕು ಇವು ಮೊದಲ ಸೂಚನೆಗಳು. ಆಮೇಲೆ ಮೂತ್ರಪಿಂಡದಲ್ಲಿ ಕಲ್ಲು, ಮೂತ್ರಪಿಂಡಕ್ಕೇ ಹಾನಿ. ಈ ಸೂಚನೆಗಳೆಲ್ಲ ಸಕ್ಕರೆ ಕಾಯಿಲೆಯಲ್ಲೋ ವಯಸ್ಸಾದವರ ದಿನನಿತ್ಯದ ದೂರುಗಳಲ್ಲೋ ಕಾಣುವಂಥವೇ ಆದ್ದರಿಂದ ಯಾರಿಗೂ ವಿಟಮಿನ್ನಿನ ಮೇಲೆ ಸಂಶಯ ಬರುವುದಿಲ್ಲ. ಇದು ಕಲ್ಪನೆಯ ಭಯವಲ್ಲ. ವಿಟಮಿನ್ ಡಿ ಕೊರತೆ ವ್ಯಾಪಕವಾಗಿರುವ ಕಾಶ್ಮೀರದಲ್ಲಿ, ಕೊರತೆ ನೀಗಿಸಲೆಂದು ಕೊಟ್ಟ ಭಾರೀ ಡೋಸುಗಳಿಂದಲೇ ವಿಷವೇರಿ ಆಸ್ಪತ್ರೆ ಸೇರಿದ ವಯಸ್ಕರ ಪ್ರಕರಣಗಳನ್ನು ಅಲ್ಲಿನ ವೈದ್ಯರು 2011ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದ್ದಾರೆ. ವಿಷದ ಮಟ್ಟ ಮುಟ್ಟದಿದ್ದರೂ ದೊಡ್ಡ ಡೋಸು ನಿರಪಾಯಕಾರಿಯೆಂದು ಹೇಳಲಾಗದು. ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಮಹಿಳೆಯರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಗುಂಪಿಗೆ ವರ್ಷಕ್ಕೊಮ್ಮೆ 5 ಲಕ್ಷ ಐಯು ಕೊಡಲಾಯಿತು. ದಿನಾ ನೆನಪಿಡುವ ತಾಪತ್ರಯ ಬೇಡ, ಬೀಳುವುದೂ ಮೂಳೆ ಮುರಿಯುವುದೂ ಕಡಿಮೆಯಾಗಲಿ ಎಂಬುದು ಉದ್ದೇಶ. ಆದದ್ದು ವಿರುದ್ಧ: ಬೀಳುವುದು ಶೇ. 15, ಮೂಳೆ ಮುರಿತ ಶೇ. 26 ಹೆಚ್ಚಿತು.

ಈ ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ವಿಟಮಿನ್ ಡಿಯ ಸುರಕ್ಷತೆಯನ್ನೂ ಔಷಧಿಯ ನೆನಪನ್ನೂ ಬಿಡಿಸಿ ನೋಡಲಾಗದು ಎನ್ನುವುದು ನನ್ನ ವಾದ. ದಿನಕ್ಕೆ 10 ಅಥವಾ 20 ಮೈಕ್ರೋಗ್ರಾಂ ತೆಗೆದುಕೊಳ್ಳುವವರು ಒಂದು ದಿನ ಮರೆತರೆ ಏನೂ ಆಗುವುದಿಲ್ಲ; ದೇಹದ ದಾಸ್ತಾನು ವಾರಗಟ್ಟಲೆ ಕಾಯುತ್ತದೆ. ನುಂಗಿದ್ದು ಮರೆತು ಅದೇ ದಿನ ಮತ್ತೊಮ್ಮೆ ನುಂಗಿದರೂ 20 ಅಥವಾ 40 ಆಗುತ್ತದೆ; ವಯಸ್ಕರ ಗರಿಷ್ಠ ಮಿತಿಯ ಅರ್ಧವನ್ನೂ ಮುಟ್ಟುವುದಿಲ್ಲ. ಎರಡೂ ಬಗೆಯ ಮರೆವನ್ನು ಸಣ್ಣ ಡೋಸು ಮನ್ನಿಸುತ್ತದೆ. ದೊಡ್ಡ ಡೋಸಿಗೆ ಆ ಔದಾರ್ಯವಿಲ್ಲ. ಮನುಷ್ಯ ಮರೆಯುತ್ತಾನೆ ಎಂಬುದು ಚಿಕಿತ್ಸೆಯ ನಡುವೆ ಬಂದೊದಗುವ ಅಡಚಣೆಯಲ್ಲ, ಚಿಕಿತ್ಸೆಯನ್ನು ಗೊತ್ತುಮಾಡುವಾಗಲೇ ಗಣನೆಗೆ ತರಬೇಕಾದ ಸತ್ಯ. ದೀರ್ಘಕಾಲದ ಕಾಯಿಲೆಗಳಿಗೆ ಔಷಧ ಬರೆಸಿಕೊಂಡವರಲ್ಲಿ, ಶ್ರೀಮಂತ ದೇಶಗಳಲ್ಲೂ, ಸರಿಯಾಗಿ ತೆಗೆದುಕೊಳ್ಳುವವರು ಸರಾಸರಿ ಅರ್ಧದಷ್ಟು ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರ ವರದಿಯಲ್ಲಿ ಹೇಳಿತ್ತು. ಅರ್ಧ ಜನ ತಪ್ಪುವ ಕಡೆ, ತಪ್ಪಿದರೂ ಕೆಡುಕಾಗದ ಪ್ರಮಾಣವನ್ನು ಆರಿಸುವುದೇ ವಿವೇಕ.

ಇದಕ್ಕೆ ಬರುವ ಮೊದಲ ಆಕ್ಷೇಪ ಸಹಜವಾದದ್ದೇ. ವಾರಕ್ಕೊಮ್ಮೆ ನೆನಪಿಡುವುದು ದಿನಾ ನೆನಪಿಡುವುದಕ್ಕಿಂತ ಸುಲಭವಲ್ಲವೇ? ಕೇಳಲು ಹೌದೆನಿಸುತ್ತದೆ. ಆದರೆ ನೆನಪು ಲೆಕ್ಕದಂತೆ ನಡೆಯುವುದಿಲ್ಲ. ದಿನಾ ಮಾಡುವ ಕೆಲಸಕ್ಕೆ ಒಂದು ಆಸರೆಯಿರುತ್ತದೆ. ಹಲ್ಲುಜ್ಜುವುದು, ಕಾಫಿ, ದೇವರ ದೀಪ, ರಾತ್ರಿಯೂಟ ಇವುಗಳಲ್ಲಿ ಯಾವುದಕ್ಕಾದರೂ ಅದನ್ನು ಕಟ್ಟಬಹುದು. ವಾರಕ್ಕೊಮ್ಮೆಯ ಕೆಲಸಕ್ಕೆ ಅಂಥ ಆಸರೆ ಸಿಗುವುದು ಕಷ್ಟ. ಭಾನುವಾರ ಪ್ರಯಾಣವಿದ್ದರೆ ಸೋಮವಾರಕ್ಕೆ ಜಾರುತ್ತದೆ, ಗುರುವಾರಕ್ಕೆ ಜಾರುತ್ತದೆ, ಕೊನೆಗೆ ಎರಡನ್ನೂ ಸೇರಿಸಿ ತೆಗೆದುಕೊಳ್ಳೋಣ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ವಾರದ ಔಷಧ ದಿನದ ಔಷಧವಾಗಿಬಿಡುವ ಅಪಾಯಕ್ಕೆ ಬೇರೆ ಉದಾಹರಣೆಯೂ ಇದೆ. ಸಂಧಿವಾತಕ್ಕೆ ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟನ್ನು ದಿನಾ ನುಂಗಿ ಜೀವ ಕಳೆದುಕೊಂಡ ಪ್ರಕರಣಗಳು ಎಷ್ಟಿದ್ದವೆಂದರೆ, ಐರೋಪ್ಯ ಔಷಧ ಸಂಸ್ಥೆ 2019ರಲ್ಲಿ ಆ ಮಾತ್ರೆಯ ಪೊಟ್ಟಣದ ಮೇಲಿನ ಎಚ್ಚರಿಕೆಯಿಂದ ಹಿಡಿದು ರೋಗಿಗೆ ಕೊಡುವ ಸೂಚನೆಯವರೆಗೆ ಹೊಸ ಕ್ರಮಗಳನ್ನು ತರಬೇಕಾಯಿತು. ವೈದ್ಯರೂ ಔಷಧ ಅಂಗಡಿಯವರೂ ಕಣ್ಣಿಟ್ಟಿರುವ ಔಷಧದಲ್ಲೇ ಹೀಗಾದರೆ, ಯಾರ ಕಣ್ಣಿಗೂ ಬೀಳದೆ ಸೂಟ್‌ಕೇಸಿನಲ್ಲಿ ಬರುವ ಸ್ಯಾಚೆಟ್ಟಿನ ಪಾಡೇನು?

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. 10 ಮೈಕ್ರೋಗ್ರಾಂ ಎಂಬುದು ಬಿಳಿ ಚರ್ಮದವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಲೆಕ್ಕ, ನಮಗೆ ಸಾಲದು ಎಂದು ಹಲವರು ಹೇಳುತ್ತಾರೆ. ಇದಕ್ಕೆ ಸ್ವೀಡನ್ನಿನಲ್ಲೇ ಪುರಾವೆಯಿದೆ. ಉತ್ತರದ ಊಮಿಯೊ ಮತ್ತು ದಕ್ಷಿಣದ ಮಾಲ್ಮೊ ನಗರಗಳ ಐದರಿಂದ ಏಳು ವರ್ಷದ ಮಕ್ಕಳ ಮೇಲೆ ಚಳಿಗಾಲದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದ ಪ್ರಕಾರ, ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಸಾಕಷ್ಟು ಮಟ್ಟ ಕಾಯ್ದುಕೊಳ್ಳಬೇಕಾದರೆ ಬಿಳಿ ಚರ್ಮದ ಮಕ್ಕಳಿಗೆ ದಿನಕ್ಕೆ 20, ಕಪ್ಪು ಚರ್ಮದ ಮಕ್ಕಳಿಗೆ 28 ಮೈಕ್ರೋಗ್ರಾಂ ಬೇಕಾಗುತ್ತದೆ. ಆದ್ದರಿಂದ ಚರ್ಮದ ಬಣ್ಣವನ್ನು ಗಣನೆಗೆ ತೆಗೆದುಕೊಳ್ಳಿ ಎಂದು ಕೇಳುವುದು ನ್ಯಾಯವೇ. ಮಗುವಿನ ಆರೋಗ್ಯ ಕೇಂದ್ರದಲ್ಲೂ ವೋರ್ಡ್‌ಸೆಂಟ್ರಾಲ್ ಎಂಬ ಪ್ರಾಥಮಿಕ ಚಿಕಿತ್ಸಾಲಯದಲ್ಲೂ ಈ ಮಾತನ್ನು ಸಂಕೋಚವಿಲ್ಲದೆ ಎತ್ತಬೇಕು. ಆದರೆ ಅದೇ ಪುರಾವೆಯ ಇನ್ನೊಂದು ಮುಖವನ್ನೂ ಓದಬೇಕು. ಹೆಚ್ಚೆಂದರೂ ಅಗತ್ಯ 28 ಮೈಕ್ರೋಗ್ರಾಂ, ಅಂದರೆ 1,120 ಐಯು, ಅದೂ ಆಹಾರದ್ದೂ ಸೇರಿ. ಒಂದರಿಂದ ಹತ್ತು ವರ್ಷದ ಮಕ್ಕಳಿಗಿರುವ 50 ಮೈಕ್ರೋಗ್ರಾಮಿನ ಗರಿಷ್ಠ ಮಿತಿಯೊಳಗೇ ಅದು ನಿಲ್ಲುತ್ತದೆ. ನಮ್ಮ ಚರ್ಮಕ್ಕೆ ಹೆಚ್ಚು ಬೇಕೆಂಬ ಸತ್ಯ ಹತ್ತನ್ನು ಇಪ್ಪತ್ತೋ ಮೂವತ್ತೋ ಮಾಡಲು ಕಾರಣವಾಗಬಹುದು. 60 ಸಾವಿರ ಐಯುಗೆ ಅದರಿಂದ ಸಮರ್ಥನೆ ಸಿಗುವುದಿಲ್ಲ.

ಎರಡು ದೇಶಗಳ ನಡುವೆ ಬದುಕುವವರ ಮುಂದೆ ಅಳತೆಯದೇ ಒಂದು ಗೊಂದಲವಿದೆ. ಸ್ವೀಡನ್ನಿನ ಪ್ರಯೋಗಾಲಯ ವಿಟಮಿನ್ ಡಿಯನ್ನು ಲೀಟರಿಗೆ ನ್ಯಾನೊಮೋಲ್ ಎಂದು ಬರೆಯುತ್ತದೆ, ಭಾರತದ್ದು ಮಿಲಿಲೀಟರಿಗೆ ನ್ಯಾನೊಗ್ರಾಂ ಎಂದು. ಮೊದಲನೆಯದರ 60 ಎರಡನೆಯದರಲ್ಲಿ 24. ಸ್ವೀಡನ್ನಿನಲ್ಲಿ 50 ದಾಟಿದರೆ ಸಾಕೆನ್ನುವುದರಿಂದ 60 ಎಂದರೆ ಚೆನ್ನಾಗಿದೆ ಎಂದರ್ಥ. ಅದೇ ರಕ್ತವನ್ನು ಬೆಂಗಳೂರಿನಲ್ಲಿ ಕೊಟ್ಟರೆ 24 ಎಂದು ಬಂದು, 30ಕ್ಕಿಂತ ಕಡಿಮೆಯೆಂಬ ಕಾರಣಕ್ಕೆ ಅನೇಕ ಪ್ರಯೋಗಾಲಯಗಳು ಪಕ್ಕದಲ್ಲಿ ಅಪರ್ಯಾಪ್ತ ಎಂದು ಮುದ್ರಿಸುತ್ತವೆ. ಆ 30ರ ಗೆರೆಯನ್ನು 2011ರಲ್ಲಿ ಪ್ರಚಾರಕ್ಕೆ ತಂದ ಅಮೆರಿಕದ ಎಂಡೊಕ್ರೈನ್ ಸೊಸೈಟಿಯೇ 2024ರ ಮಾರ್ಗಸೂಚಿಯಲ್ಲಿ ಅದನ್ನು ಕೈಬಿಟ್ಟಿದೆ. ಆರೋಗ್ಯವಂತ ವಯಸ್ಕರಿಗೆ ವಾಡಿಕೆಯ ಪರೀಕ್ಷೆಯೇ ಬೇಡವೆಂದಿದೆ. ಮಗುವಿನ ಹನಿಗಳಲ್ಲಂತೂ ಗೊಂದಲ ನೇರ ಅಪಾಯಕ್ಕೆ ತಿರುಗಬಹುದು. ಸ್ವೀಡನ್ನಿನಲ್ಲಿ ಎರಡು ವರ್ಷ ತುಂಬುವವರೆಗೆ ಶಿಶುಗಳಿಗೆ ಉಚಿತವಾಗಿ ಕೊಡುವ ಡಿ-ಹನಿಯ ಪ್ರಮಾಣ ದಿನಕ್ಕೆ ಐದು ಹನಿ. ಹನಿಗೆ 80 ಐಯು, ಒಟ್ಟು 400. ಭಾರತದ ಅನೇಕ ಹನಿಶೀಷೆಗಳಲ್ಲಿ ಅದೇ 400 ಐಯು ಇರುವುದು ಒಂದು ಎಂಎಲ್‌ನಲ್ಲಿ. ಬಾಣಂತನಕ್ಕೆಂದು ಬಂದ ಅಜ್ಜಿ ಊರಿನ ರೂಢಿಯಂತೆ ಸ್ವೀಡನ್ನಿನ ಶೀಷೆಯಿಂದ ಒಂದು ಎಂಎಲ್ ತುಂಬಿ ಹಾಕಿದರೆ ಮಗುವಿಗೆ ಕನಿಷ್ಠ ನಾಲ್ಕು ಪಟ್ಟು ಹೋಗುತ್ತದೆ. ಇಂಥ ತಪ್ಪಿನ ಬಗ್ಗೆ ಅಮೆರಿಕದ ಎಫ್‌ಡಿಎ 2010ರಲ್ಲೇ ಪೋಷಕರನ್ನು ಎಚ್ಚರಿಸಿತ್ತು. ಒಂದು ಮನೆಯಲ್ಲಿ ಒಂದೇ ದೇಶದ ಶೀಷೆ ಇರಲಿ, ಅದರ ಜೊತೆ ಬಂದ ಅಳತೆಯನ್ನೇ ಬಳಸಲಿ. ನಮ್ಮವರಿಗೆ ಇದಕ್ಕಿಂತ ಮುಖ್ಯವಾದ ನಿಯಮ ಕಡಿಮೆ.

ಮೂರನೆಯ ಆಕ್ಷೇಪ ಎದುರು ದಿಕ್ಕಿನದು. ಅಮೆರಿಕದಲ್ಲಿ ಸುಮಾರು 26 ಸಾವಿರ ಜನರ ಮೇಲೆ ನಡೆದ ವೈಟಲ್ ಪ್ರಯೋಗದಲ್ಲಿ ದಿನಕ್ಕೆ 2 ಸಾವಿರ ಐಯು ಕೊಟ್ಟರೂ ಕ್ಯಾನ್ಸರ್ ಬರುವುದಾಗಲಿ ಹೃದಯಾಘಾತವಾಗಲಿ ತಗ್ಗಲಿಲ್ಲ; 2022ರಲ್ಲಿ ಪ್ರಕಟವಾದ ಅದರದೇ ಭಾಗದಲ್ಲಿ ಮೂಳೆ ಮುರಿತವೂ ತಗ್ಗಲಿಲ್ಲ. ಹಾಗಾದರೆ ಈ ಮಾತ್ರೆಯೇ ವ್ಯರ್ಥವಲ್ಲವೇ? ಆ ಪ್ರಯೋಗದಲ್ಲಿದ್ದವರು ಕೊರತೆಯಿದೆಯೆಂದು ಆರಿಸಿ ತಂದವರಲ್ಲ. ಬಹುಪಾಲು ಜನರಲ್ಲಿ ವಿಟಮಿನ್ ಡಿ ಮೊದಲೇ ಸಾಕಷ್ಟಿತ್ತು. ತುಂಬಿದ ಕೊಡಕ್ಕೆ ನೀರು ಸುರಿದರೆ ಚೆಲ್ಲುತ್ತದೆ. ಬರಿದಾದ ಕೊಡದ ಮಾತೇ ಬೇರೆ. ತೀವ್ರ ಕೊರತೆಯಿಂದ ಮಕ್ಕಳಿಗೆ ರಿಕೆಟ್ಸ್ ಬಂದು ಕಾಲು ಬಾಗುವುದು, ದೊಡ್ಡವರ ಮೂಳೆ ಮೆತ್ತಗಾಗಿ ನೋಯುವುದು ಚರ್ಚೆಗೆ ಎಡೆಯಿಲ್ಲದ ಸತ್ಯ. ವೈಟಲ್ ಕಲಿಸುವ ಪಾಠವೆಂದರೆ ಕೊರತೆ ನೀಗಿದ ಮೇಲೆ ಹೆಚ್ಚು ಸುರಿಯುವುದರಿಂದ ಲಾಭ ಬೆಳೆಯುವುದಿಲ್ಲ ಎಂಬುದು. ಅಲ್ಲಿಗೆ ಆ ಫಲಿತಾಂಶವೂ ಸಣ್ಣ ಡೋಸಿನ ಪರವಾಗಿಯೇ ನಿಲ್ಲುತ್ತದೆ.

ಇನ್ನು ನೆನಪಿನ ಮಾತು. ಔಷಧದ ವಿಷಯದಲ್ಲಿ ನೆನಪಿಗೆ ಎರಡು ಕೆಲಸಗಳಿವೆ: ತೆಗೆದುಕೊಳ್ಳಬೇಕೆಂದು ನೆನಪಾಗುವುದು, ತೆಗೆದುಕೊಂಡೆನೆಂದು ನೆನಪಿರುವುದು. ನಾವು ಮೊದಲನೆಯದಕ್ಕೆ ಮೊಬೈಲಿನ ಅಲಾರಂ ಇಟ್ಟು ನಿಶ್ಚಿಂತರಾಗುತ್ತೇವೆ. ಅಲಾರಂ ಬಸ್ಸಿನಲ್ಲಿರುವಾಗಲೂ ಬಡಿಯುತ್ತದೆ, ಸಭೆಯಲ್ಲಿರುವಾಗಲೂ ಬಡಿಯುತ್ತದೆ. ಅದುಮಿ ಸುಮ್ಮನಾಗಿಸಿದ ಮೇಲೆ ಮಾತ್ರೆ ನುಂಗಿದೆವೋ ಬಿಟ್ಟೆವೋ ಎಂಬುದನ್ನು ಅದು ಹೇಳುವುದಿಲ್ಲ. ದಿನಾ ಒಂದೇ ರೀತಿ ಮಾಡುವ ಕೆಲಸ ಮನಸ್ಸಿನಲ್ಲಿ ಬೇರೆ ಗುರುತು ಉಳಿಸುವುದಿಲ್ಲ. ಇಂದು ನುಂಗಿದ್ದೂ ನಿನ್ನೆ ನುಂಗಿದ್ದೂ ಒಂದರಲ್ಲೊಂದು ಬೆರೆತುಹೋಗುತ್ತವೆ. ಇದಕ್ಕೆ ಮದ್ದು ಬುದ್ಧಿಯಲ್ಲಿಲ್ಲ, ಕಣ್ಣೆದುರಿನ ವಸ್ತುವಿನಲ್ಲಿದೆ. ವಾರದ ಏಳು ದಿನಕ್ಕೆ ಏಳು ಖಾನೆಯಿರುವ, ಸ್ವೀಡನ್ನಿನವರು ಡೊಸೆಟ್ ಎಂದು ಕರೆಯುವ ಮಾತ್ರೆ ಡಬ್ಬಿ ಅಲ್ಲಿನ ಔಷಧ ಅಂಗಡಿಗಳಲ್ಲೆಲ್ಲ ಸಿಗುತ್ತದೆ. ಭಾನುವಾರ ತುಂಬಿಟ್ಟರೆ ಬುಧವಾರದ ಖಾನೆ ಖಾಲಿಯೋ ತುಂಬಿದೆಯೋ ಎಂದು ನೋಡಿದರೆ ಸಾಕು, ನೆನಪನ್ನು ಪೀಡಿಸಬೇಕಿಲ್ಲ. ಡಬ್ಬಿಯನ್ನು ಗಡಿಯಾರಕ್ಕಿಂತ ಕೆಲಸವೊಂದಕ್ಕೆ ಕಟ್ಟುವುದು ಒಳ್ಳೆಯದು. ಬೇಸಿಗೆಯಲ್ಲಿ ನಸುಕಿನ ಮೂರೂವರೆಗೇ ಬೆಳಗಾಗಿ, ಚಳಿಗಾಲದಲ್ಲಿ ಎಂಟೂವರೆಯಾದರೂ ಬೆಳಗಾಗದ ನಾಡಿನಲ್ಲಿ, ಬೆಳಕು ನೋಡಿ ಹೊತ್ತು ತಿಳಿಯುವ ಹಿರಿಯರಿಗೆ ಹೊತ್ತಿನ ಅಂದಾಜೇ ತಪ್ಪುತ್ತದೆ. ಊಟ ಮಾತ್ರ ತಪ್ಪುವುದಿಲ್ಲ. ವಿಟಮಿನ್ ಡಿ ಕೊಬ್ಬಿನ ಜೊತೆ ಚೆನ್ನಾಗಿ ಹೀರಲ್ಪಡುವುದರಿಂದ ತುಪ್ಪ ಮೊಸರಿರುವ ದೊಡ್ಡ ಊಟವೇ ಅದಕ್ಕೆ ಸರಿಯಾದ ಜೊತೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ನಡುಮಟ್ಟದಲ್ಲಿ 66 ದಿನ ಹಿಡಿಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂಡುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ. ತಪ್ಪಿದರೆ ಮರುದಿನ ಎಂದಿನಂತೆ ಒಂದೇ ಮಾತ್ರೆ, ಎರಡು ಬೇಡ. ಇದು ವಿಟಮಿನ್ನಿಗೆ ಹೇಳಿದ ಮಾತು. ರಕ್ತ ತೆಳುವಾಗಿಸುವ ಔಷಧ, ಮೂರ್ಛೆರೋಗದ ಮಾತ್ರೆ, ಇನ್ಸುಲಿನ್ ಇವುಗಳ ನಿಯಮ ಬೇರೆ ಬೇರೆ. ತಪ್ಪಿದಾಗ ಏನು ಮಾಡಬೇಕೆಂದು ಮುಂಚೆಯೇ ಕೇಳಿ ಬರೆದಿಟ್ಟುಕೊಂಡಿರಬೇಕು.

ಎಲ್ಲ ಮಾತ್ರೆಗಳನ್ನೂ ಒಂದೇ ಹೊತ್ತಿಗೆ ನುಂಗಿ ಮುಗಿಸೋಣವೆಂಬುದು ಮಾತ್ರ ಅಪಾಯದ ಸುಲಭೋಪಾಯ. ಥೈರಾಯ್ಡ್ ಮಾತ್ರೆಗೆ ಬೆಳಗಿನ ಖಾಲಿ ಹೊಟ್ಟೆ ಬೇಕು, ಕಾಫಿಗೂ ಅದಕ್ಕೂ ಕನಿಷ್ಠ ಅರ್ಧ ಗಂಟೆ ಅಂತರ ಬೇಕು. ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೂಡಿದ ಮಾತ್ರೆಯಾದರೆ ನಾಲ್ಕು ಗಂಟೆಯಾದರೂ ದೂರವಿಡಬೇಕು, ಇಲ್ಲದಿದ್ದರೆ ಥೈರಾಯ್ಡ್ ಔಷಧವನ್ನು ಕರುಳು ಸರಿಯಾಗಿ ಹೀರುವುದಿಲ್ಲ. ರಕ್ತದೊತ್ತಡಕ್ಕೆ ಥಯಾಜೈಡ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ಕ್ಯಾಲ್ಸಿಯಂ ಬೇಗ ಏರುತ್ತದೆ. ಹೃದಯಕ್ಕೆ ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಆ ಏರಿಕೆ ಇನ್ನೂ ಅಪಾಯ. ಮೂತ್ರಪಿಂಡದ ತೊಂದರೆ, ಸಾರ್ಕಾಯ್ಡೋಸಿಸ್ ಇದ್ದವರು ವೈದ್ಯರನ್ನು ಕೇಳದೆ ಸಣ್ಣ ಡೋಸನ್ನೂ ಶುರುಮಾಡಬಾರದು. ಮೂರು ತಿಂಗಳ ಭೇಟಿಗೆಂದು ಬರುವ ತಂದೆತಾಯಿಯ ಚೀಲದಲ್ಲಿ ಈ ಔಷಧಿಗಳೆಲ್ಲ ಇರುವ ಸಾಧ್ಯತೆ ಹೆಚ್ಚು. ಮಗ ಸೊಸೆ ಪ್ರೀತಿಯಿಂದ ಕೊಡುವ ವಿಟಮಿನ್ನು ಊರಿನ ವೈದ್ಯರು ಬರೆದ ಸ್ಯಾಚೆಟ್ಟಿನ ಮೇಲೆ ಬೀಳುವ ಸಾಧ್ಯತೆಯೂ ಅಷ್ಟೇ. ಊರಿನಿಂದ ತಂದದ್ದು, ಸೂಪರ್ ಮಾರ್ಕೆಟ್ಟಿನಲ್ಲಿ ಕೊಂಡದ್ದು, ಮಲ್ಟಿವಿಟಮಿನ್ ಎಲ್ಲವನ್ನೂ ಒಂದೇ ಹಾಳೆಯಲ್ಲಿ, ಒಂದೇ ಅಳತೆಯಲ್ಲಿ ಬರೆದು ಕೂಡಿದರೆ ಸತ್ಯ ಕಣ್ಣಿಗೆ ಬೀಳುತ್ತದೆ. ಆ ಹಾಳೆಯನ್ನು ಹಿಡಿದು ಔಷಧ ಅಂಗಡಿಯಲ್ಲಿ ಫಾರ್ಮಸಿಸ್ಟ್ ಒಬ್ಬರನ್ನು ಕೇಳಬಹುದು, 1177ಕ್ಕೆ ಫೋನ್ ಮಾಡಿ ನರ್ಸ್ ಜೊತೆ ಮಾತಾಡಬಹುದು. ಮಗು ಶೀಷೆಯನ್ನೇ ಕುಡಿದುಬಿಟ್ಟಂಥ ತುರ್ತಿನಲ್ಲಿ 112ಕ್ಕೆ ಕರೆ ಮಾಡಿ ವಿಷ ಮಾಹಿತಿ ಕೇಂದ್ರವನ್ನು ಕೇಳಬೇಕು.

ಭಾರತದ ವೈದ್ಯರು ಬರೆದದ್ದೆಲ್ಲ ತಪ್ಪು, ಸ್ವೀಡನ್ನಿನವರು ಹೇಳಿದ್ದೆಲ್ಲ ಸರಿ ಎಂಬುದು ಈ ಬರಹದ ತೀರ್ಮಾನವಲ್ಲ. ದೊಡ್ಡ ಡೋಸು ಕಾವಲಿರುವ ಚಿಕಿತ್ಸೆ. ಅದಕ್ಕೆ ಆರಂಭ, ಪರೀಕ್ಷೆ, ಮುಕ್ತಾಯ ಮೂರೂ ಬೇಕು, ಮೂರನ್ನೂ ನೋಡಿಕೊಳ್ಳುವ ಒಬ್ಬ ವೈದ್ಯರು ಬೇಕು. ಆ ಕಾವಲು ಇಲ್ಲದ ಕಡೆ ಅದನ್ನು ಮುಂದುವರಿಸುವ ಹಕ್ಕು ನಮ್ಮ ಅಂದಾಜಿಗಿಲ್ಲ. ಕಾವಲಿಲ್ಲದೆ ಮನೆಯಲ್ಲಿ ನಡೆಯಬೇಕಾದದ್ದು ಸಣ್ಣ ಡೋಸು, ದಿನಾ, ಊಟದ ಜೊತೆ, ಖಾನೆಯ ಡಬ್ಬಿಯಿಂದ. ನಮ್ಮ ಮಕ್ಕಳಿಗೂ ನಮಗೂ ಹತ್ತಕ್ಕಿಂತ ಹೆಚ್ಚು ಬೇಕೇ ಎಂಬ ಪ್ರಶ್ನೆಯನ್ನು ವೈದ್ಯರ ಮುಂದೆ ಧೈರ್ಯವಾಗಿ ಇಡೋಣ, ಅವರು ಹೇಳಿದ ಸಂಖ್ಯೆಯನ್ನು ಮೈಕ್ರೋಗ್ರಾಮಿನಲ್ಲೂ ಐಯುವಿನಲ್ಲೂ ಬರೆದುಕೊಳ್ಳೋಣ. ಮುಂದಿನ ಸಲ ಊರಿಗೆ ಹೋದಾಗ 60 ಸಾವಿರದ ಸ್ಯಾಚೆಟ್ ಚೀಟಿಯಲ್ಲಿ ಬಂದರೆ, ಇದು ಎಷ್ಟು ವಾರ, ಯಾವಾಗ ನಿಲ್ಲಿಸಬೇಕು, ನಿಲ್ಲಿಸಿದ ಮೇಲೆ ಏನು ಎಂಬ ಮೂರನ್ನೂ ಕೇಳಿ ಉತ್ತರವನ್ನು ಅದೇ ಚೀಟಿಯ ಮೇಲೆ ಬರೆಸಿಕೊಳ್ಳೋಣ. ಉತ್ತರ ಸಿಗದ ಪ್ರಮಾಣವನ್ನು ನುಂಗದಿರುವುದೇ ಸುರಕ್ಷಿತ.